ಹೊರಪೇಟೆಯ ದಕ್ಷಿಣದ ಮೂಲೆ

“ಗುರುಗಳೇ, ಊರು ಕಟ್ಟುವಾಗ ಎಲ್ಲರನ್ನೂ ಕೇಳಿ, ಹೆಚ್ಚು ಜನ ಬೇಕೆಂದದ್ದನ್ನೇ ಮೊದಲು ಮಾಡಿದರೆ ಅದರಲ್ಲಿ ತಪ್ಪಾಗಲು ಸಾಧ್ಯವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಕೋಟೆಯ ಊರಿತ್ತು. ಒಳಗೆ ಜನ ಹೆಚ್ಚಿ ಜಾಗ ಸಾಲದಾಯಿತು. ಅರವತ್ತು ಮನೆಯವರು ಕೋಟೆಯ ಹೊರಗಿನ ಬಯಲಿನಲ್ಲಿ ಹೊಸದೊಂದು ಪೇಟೆ ಕಟ್ಟಿಕೊಳ್ಳಲು ನಿಶ್ಚಯಿಸಿ, ಒಬ್ಬ ವರ್ತಕನನ್ನು ಯಜಮಾನನಾಗಿ ಆರಿಸಿದರು. ಅವನು ನ್ಯಾಯವಂತ. ತನಗೆ ತೋಚಿದಂತೆ ಒಂದು ಗೂಟವನ್ನೂ ಹೊಡೆಯಲಿಲ್ಲ. ಎಲ್ಲರನ್ನೂ ಬಯಲಿನಲ್ಲಿ ಕೂರಿಸಿ, ಮುಂದಿನ ಮೂವತ್ತು ವರ್ಷವನ್ನು ಯೋಚಿಸಿ ಹೇಳಿ, ಇಲ್ಲಿ ಏನೇನು ಬೇಕು ಎಂದು ಕೇಳಿದ.

ಗಾಡಿಯವರು ಅಗಲವಾದ ಬೀದಿ ಕೇಳಿದರು. ನೇಕಾರರು ನೂಲು ಹಾಸಲು ಉದ್ದನೆಯ ಜಾಗ ಕೇಳಿದರು. ಹೆಂಗಸರು ಒಂದು ಬಾವಿ ಸಾಲದು, ಎರಡು ಬೇಕು ಎಂದರು. ಯಜಮಾನ ಒಂದೊಂದನ್ನೂ ಸುಣ್ಣದ ಗೆರೆ ಎಳೆದು ನೆಲದ ಮೇಲೆ ಗುರುತು ಮಾಡಿಸಿದ. ಕೊನೆಗೆ ದಕ್ಷಿಣದ ಮೂಲೆಯಲ್ಲಿ ಒಂದು ತುಂಡು ನೆಲ ಉಳಿಯಿತು.

ಆಗ ಒಬ್ಬ ಸೂಲಗಿತ್ತಿ ಎದ್ದು ನಿಂತು, “ಯಜಮಾನರೇ, ಸತ್ತವರನ್ನು ಎಲ್ಲಿ ಮಣ್ಣು ಮಾಡುವುದು?” ಎಂದಳು.

ಬಾಣಂತಿಯೊಬ್ಬಳು ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು.

“ಒಳ್ಳೆಯ ಕೆಲಸಕ್ಕೆ ಕೂತಿದ್ದೇವೆ ತಾಯಿ, ಆ ಮಾತು ಇವತ್ತು ಬೇಡ,” ಎಂದ ಯಜಮಾನ. “ಕೋಟೆಯವರ ಸ್ಮಶಾನ ಇದ್ದೇ ಇದೆಯಲ್ಲ.”

ಆದರೂ ಅವನು ನ್ಯಾಯ ಮೀರಲಿಲ್ಲ. ಆ ಮೂಲೆಯಲ್ಲಿ ಸ್ಮಶಾನ ಬೇಕೆನ್ನುವವರು ಕೈ ಎತ್ತಲಿ ಎಂದ. ಸೂಲಗಿತ್ತಿಯದೊಂದೇ ಕೈ ಎದ್ದಿತು. ಉಳಿದವರು ಕೇಳಿದಂತೆ, ಸಂಜೆ ಹೊತ್ತು ಕೂತು ಮಾತಾಡಲು ಅಲ್ಲೊಂದು ಮಂಟಪ ಕಟ್ಟುವುದೆಂದು ತೀರ್ಮಾನವಾಯಿತು.

ಪೇಟೆ ಎದ್ದಿತು. ಗೆರೆಯಲ್ಲಿದ್ದದ್ದೆಲ್ಲ ನೆಲದ ಮೇಲೆ ಬಂದಿತು. ಮೂರು ವರ್ಷ ಅಲ್ಲಿ ಒಬ್ಬರೂ ಸಾಯಲಿಲ್ಲ. ಈ ನೆಲದ ಗುಣವೇ ಹಾಗೆ ಎಂದು ಜನ ಹೇಳಿಕೊಂಡರು. ಅದನ್ನು ಕೇಳಿ ಕೋಟೆಯ ಮುದುಕರು ಬಂದು ಮಂಟಪದಲ್ಲಿ ಕೂರುತ್ತಿದ್ದರು. ಅಂಗೈಯಿಂದ ನೆಲ ಮುಟ್ಟಿ ಮುಟ್ಟಿ ನೋಡಿ ಎದ್ದು ಹೋಗುತ್ತಿದ್ದರು.

ನಾಲ್ಕನೆಯ ವರ್ಷ ಒಬ್ಬ ನೇಕಾರನ ಹೆಂಡತಿ ನಿಂಗವ್ವ ಜ್ವರದಿಂದ ತೀರಿಕೊಂಡಳು. ಹೆಣ ಹೊತ್ತು ಕೋಟೆಯ ಸ್ಮಶಾನಕ್ಕೆ ಹೋದರು. ಕೋಟೆಯವರು ಅಡ್ಡ ನಿಂತರು. “ನಮ್ಮವರನ್ನೇ ಒಬ್ಬರ ಮೇಲೊಬ್ಬರನ್ನು ಇಡುತ್ತಿದ್ದೇವೆ. ನಿಮ್ಮ ಗೆರೆ ನೀವೇ ಎಳೆದುಕೊಂಡಿರಿ. ನಿಮ್ಮವರು ಅದರೊಳಗೇ ಇರಲಿ,” ಎಂದರು.

ಹೆಣ ಹಿಂದಕ್ಕೆ ಬಂತು. ಯಾರ ಮನೆಯ ಮುಂದೆ ಇಳಿಸಲು ಹೋದರೂ ಆ ಮನೆಯವರು ಕೈ ಮುಗಿದು ಮುಂದೆ ಹೋಗಿ ಎಂದರು. ಮಂಟಪದ ಬಳಿಯೂ ಬೇಡವೆಂದರು, ಅಲ್ಲಿ ಮಕ್ಕಳು ಆಡುತ್ತವೆ. ಹೆಣ ಹೊತ್ತವರು ಪೇಟೆಯ ಎಲ್ಲ ಬೀದಿಗಳನ್ನೂ ಒಂದು ಸುತ್ತು ಬಂದರು. ಬಿಸಿಲು ಏರಿತ್ತು. ಕೊನೆಗೆ ನೇಕಾರ ಹೆಂಡತಿಯನ್ನು ತನ್ನ ಹಿತ್ತಲಿನಲ್ಲೇ ಮಣ್ಣು ಮಾಡಿದ.

ಎರಡನೆಯ ಸಾವಿಗೂ ಹಾಗೇ ಆಯಿತು. ಮೂರನೆಯದಕ್ಕೆ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಹಿತ್ತಲಿನಲ್ಲಿ ಗೋರಿಯ ಗುಡ್ಡೆಯಿಲ್ಲದ ಮನೆ ಇರಲಿಲ್ಲ. ಜನ ನೆರೆಯವರ ಸೊಪ್ಪು ತರಕಾರಿ ತೆಗೆದುಕೊಳ್ಳುವುದನ್ನು ಬಿಟ್ಟರು. ಬಾವಿಯ ನೀರನ್ನು ಮೂಸಿ ನೋಡಿ ಕುಡಿಯತೊಡಗಿದರು. ಹಿತ್ತಲಿಗೆ ಕೇಳಿಸದಂತೆ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುವುದು ಎಲ್ಲರಿಗೂ ರೂಢಿಯಾಯಿತು. ಮಕ್ಕಳೂ ಮೆಲ್ಲಗೇ ಅಳುತ್ತಿದ್ದವು.

ಒಂದು ದಿನ ಸೂಲಗಿತ್ತಿ ಗಂಟು ಕಟ್ಟಿಕೊಂಡು ಹೊರಟಳು. ಯಜಮಾನ ಎದುರಾಗಿ, ಯಾಕೆ ತಾಯಿ ಎಂದು ಕೇಳಿದ.

“ಹೆರಿಗೆಗೆ ತವರಿಗೆ ಹೋದವರು ಯಾರೂ ವಾಪಸು ಬರುತ್ತಿಲ್ಲ, ಯಜಮಾನರೇ. ಇಲ್ಲಿ ನನಗಿನ್ನು ಕೆಲಸವಿಲ್ಲ.”

ಆಗ ಯಜಮಾನ ನಿಜವಾಗಿ ಹೆದರಿದ. ಎಲ್ಲರನ್ನೂ ಮತ್ತೆ ಸೇರಿಸಿದ. ದಕ್ಷಿಣದ ಮೂಲೆಯ ಮಂಟಪ ಕೆಡವೋಣ, ಹಿತ್ತಲುಗಳಲ್ಲಿ ಇರುವವರನ್ನೆಲ್ಲ ಅಲ್ಲಿಗೆ ಸಾಗಿಸೋಣ ಎಂದ. ಈ ಸಲ ಎಲ್ಲರ ಕೈಯೂ ಎದ್ದಿತು. ಒಂದೇ ವಾರದಲ್ಲಿ ಮಂಟಪ ಕೆಡವಿ, ಅರವತ್ತು ಮನೆಗೆ ಸಾಲುವಷ್ಟು ಗುಂಡಿ ತೋಡಿದರು. ನಾಳೆ ಬೆಳಿಗ್ಗೆ ಅವರವರು ತಮ್ಮವರನ್ನು ತರಬೇಕು ಎಂದು ಯಜಮಾನ ಹೇಳಿದ. ಎಲ್ಲರೂ ಒಪ್ಪಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಯಜಮಾನ ಗುಂಡಿಗಳ ಬಳಿ ಬಂದು ನಿಂತ. ಮಧ್ಯಾಹ್ನವಾಯಿತು. ಒಬ್ಬರೂ ಬರಲಿಲ್ಲ. ಅವನು ನೇಕಾರನ ಮನೆಗೆ ಹೋದ. ನೇಕಾರ ಹಿತ್ತಲ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದ. ಗುಡ್ಡೆಯ ಪಕ್ಕದಲ್ಲಿ ಇನ್ನೊಂದು ಎಲೆಯಲ್ಲಿ ಊಟ ಬಡಿಸಿತ್ತು.

“ಯಾಕಪ್ಪ ಬರಲಿಲ್ಲ?” ಎಂದ ಯಜಮಾನ.

“ಗುದ್ದಲಿ ಹಿಡಿದೇ ಹಿತ್ತಲಿಗೆ ಬಂದೆ, ಯಜಮಾನರೇ,” ಎಂದ ನೇಕಾರ. “ಆದರೆ ನಿಂಗವ್ವ ಇಲ್ಲಿಗೆ ಹೊಂದಿಕೊಂಡುಬಿಟ್ಟಿದ್ದಾಳೆ. ಅವತ್ತು ಇಡೀ ಪೇಟೆ ಸುತ್ತಿಸಿದ್ದೇವೆ. ಈಗ ಮತ್ತೆ ಏಳು ಅಂತ ಹೇಗೆ ಹೇಳಲಿ? ಮೊದಲು ನಿಮ್ಮ ಹಿತ್ತಲಲ್ಲಿರುವ ತಾಯಿಯನ್ನು ಕರೆದುಕೊಂಡು ಬನ್ನಿ. ಆಮೇಲೆ ನಾನು ಕೇಳಿ ನೋಡುತ್ತೇನೆ.”

ಯಜಮಾನ ತನ್ನ ಮನೆಗೆ ಬಂದ. ಹಿತ್ತಲಿಗೆ ಹೋಗಿ ತಾಯಿಯ ಗುಡ್ಡೆಯ ಮುಂದೆ ನಿಂತ. ಗುದ್ದಲಿ ಎತ್ತಿದ. ತುಂಬ ಹೊತ್ತು ಹಾಗೇ ನಿಂತಿದ್ದು, ಸದ್ದಾಗದಂತೆ ಕೆಳಗಿಟ್ಟು, ಒಳಗೆ ಬಂದು ಬಾಗಿಲು ಎಳೆದುಕೊಂಡ.

ಆ ವರ್ಷದಿಂದ ಜನ ಒಬ್ಬೊಬ್ಬರಾಗಿ ಪೇಟೆ ಬಿಟ್ಟರು. ಎಲ್ಲಿಗೆ ಎಂದು ಹೇಳಿ ಹೋಗಲಿಲ್ಲ. ಮನೆಗೆ ಬೀಗ ಹಾಕಲಿಲ್ಲ, ಒಳಗೆ ತಮ್ಮವರಿದ್ದಾರಲ್ಲ ಎಂದು. ಕೊನೆಗೆ ಹೊರಟವನು ಯಜಮಾನ. ದಕ್ಷಿಣದ ಮೂಲೆಯ ಗುಂಡಿಗಳು ಮಾತ್ರ ಖಾಲಿಯಾಗಿ ಉಳಿದವು. ಮಳೆಗಾಲದಲ್ಲಿ ಅವು ತುಂಬುತ್ತವೆ, ಬೇಸಿಗೆಯಲ್ಲಿ ಒಣಗುತ್ತವೆ. ಬೀದಿಗಳಲ್ಲಿ ಹುಲ್ಲು ಬೆಳೆಯುವುದಿಲ್ಲ. ಯಾರು ನಡೆದಾಡಿ ಸವೆಸುತ್ತಾರೋ ಕೋಟೆಯವರಿಗೆ ತಿಳಿಯದು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಗುರುಗಳೇ,” ಎಂದ ಶಿಷ್ಯ, “ಬೀದಿ ಕೇಳಿದವರು, ಬಾವಿ ಕೇಳಿದವರು, ಮಂಟಪ ಕೇಳಿದವರು, ಇವರಲ್ಲಿ ಬೇಡದ್ದನ್ನು ಕೇಳಿದವರು ಯಾರು?”

“ಯಾರೂ ಇಲ್ಲ,” ಎಂದರು ಗುರುಗಳು, “ಆದರೆ ಅಷ್ಟೂ ಜನ ತಾವು ಸಾಯುವುದೇ ಇಲ್ಲವೆಂಬಂತೆ ಕೇಳಿದರು.”