ಬೆಚ್ಚಗಾಗುತ್ತಿದ್ದ ಸ್ವಿಚ್ಚು

"ಗುರುಗಳೇ, ರೋಗಿಗಳ ಸೇವೆ ಮಾಡುವಾಗ ನನ್ನ ಎದೆ ಉರಿಯುತ್ತದೆ. ಈ ಉರಿಯೇ ಕರುಣೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದ ಹಿಂದೆ ಒಂದು ಕೋಣೆಯಿತ್ತು. ವೈದ್ಯರು ಇನ್ನು ಆಗದು ಎಂದವರು ಅಲ್ಲಿ ಬಂದು ಮಲಗುತ್ತಿದ್ದರು. ಅದರ ಬೀಗದ ಕೈ ಎರಡು ವರ್ಷದಿಂದ ಈ ಶಿಷ್ಯನ ಸೊಂಟದಲ್ಲಿತ್ತು. ಬೇರೆ ಯಾರನ್ನೂ ಅವನು ಒಳಗೆ ಬಿಡುತ್ತಿರಲಿಲ್ಲ. ಈಚೆಗೆ ರಾತ್ರಿಯೂ ಅವನು ಮಲಗುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಒಬ್ಬ ಮುದುಕಿಯ ಔಷಧಿಯನ್ನು ಇನ್ನೊಬ್ಬಳಿಗೆ ಕುಡಿಸಲು ಹೋಗಿದ್ದ.

ಗುರುಗಳು ಒಂದು ಕತೆ ಹೇಳಿದರು.

ಕಡಲತೀರದ ಊರಿನಲ್ಲಿ ಒಬ್ಬ ಕಾವಲುಗಾರನಿದ್ದ. ಅಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಎರಡೂ ಬದಿಗೆ ಬಂಡೆಗಳು. ಮೀನಿಗೆ ಹೋದ ದೋಣಿಗಳಿಗೆ ಕತ್ತಲಾದ ಮೇಲೆ ನಡುವಿನ ಕಿರುದಾರಿ ಕಾಣುತ್ತಿರಲಿಲ್ಲ. ದಂಡೆಯಿಂದ ಬೆಳಕು ಬಿಟ್ಟು ದಾರಿ ತೋರಿಸಲೆಂದೇ ಊರವರು ಅವನಿಗೆ ಮರಳಿನಲ್ಲಿ ಓಡುವ ನಾಲ್ಕು ದಪ್ಪ ಗಾಲಿಯ ಗಾಡಿಯೊಂದನ್ನು ಕೊಡಿಸಿದ್ದರು. ಎಟಿವಿ ಎನ್ನುತ್ತಾರಲ್ಲ, ಅದು. ಅದರ ಸ್ವಂತ ದೀಪ ಮರಳಿಗೆ ಸಾಕು, ಕಡಲಿಗೆ ಸಾಲದು. ಅವನು ಎರಡು ದೊಡ್ಡ ದೀಪ ತಂದು ಮೆಕ್ಯಾನಿಕ್ ಬಳಿ ಹೋದ.

"ಈ ಸ್ವಿಚ್ಚು ಸಣ್ಣದು," ಎಂದ ಮೆಕ್ಯಾನಿಕ್. "ದೀಪದ ಕರೆಂಟ್ ಪೂರಾ ಇದರೊಳಗೆ ಹರೀಬಾರ್ದು. ನಡುವೆ ಒಂದು ರಿಲೇ ಹಾಕುವ. ಸ್ವಿಚ್ಚು ಬರೀ ಹೇಳ್ತದೆ, ಭಾರ ಹೊರೋದು ರಿಲೇ."

"ನಂಗೂ ದೀಪಕ್ಕೂ ನಡುವೆ ಮತ್ತೊಬ್ಬ ಯಾಕೆ ಮಾರಾಯಾ? ಅದು ಕೈ ಕೊಟ್ರೆ? ನೇರ ಎಳಿ."

ಮೆಕ್ಯಾನಿಕ್‌ಗೆ ಕೆಲಸ ಗೊತ್ತಿತ್ತು. ಆದರೂ ಗಿರಾಕಿಯ ಜೊತೆ ವಾದವೇಕೆಂದು ನೇರವಾಗಿಯೇ ತಂತಿ ಎಳೆದ.

ದೀಪ ಚೆನ್ನಾಗಿಯೇ ಉರಿಯಿತು. ಆ ಹಂಗಾಮಿಡೀ ದೋಣಿಗಳು ಅದನ್ನು ನೋಡಿಕೊಂಡೇ ಒಳಬಂದವು. ಸ್ವಿಚ್ಚು ಮಾತ್ರ ಬೆಚ್ಚಗಾಗುತ್ತಿತ್ತು. ಕಾವಲುಗಾರ ಅದರ ಮೇಲೆ ಹೆಬ್ಬೆರಳಿಟ್ಟು ಕೂರುತ್ತಿದ್ದ. ಬೆಳಕು ತನ್ನ ಕೈಗೆ ತಾಗುತ್ತಿದೆ ಎಂದು ಹಿಗ್ಗುತ್ತಿದ್ದ. ಸರದಿಯ ಮೇಲೆ ನಾವೂ ಕೂರುತ್ತೇವೆ ಎಂದರು ಊರವರು. ಬೇಡವೆಂದ. ಟಾರ್ಚು ಹಿಡಿದು ಜೊತೆಗಾದರೂ ನಿಲ್ಲುತ್ತೇವೆ ಎಂದರು. ಮನೆಗೆ ಕಳಿಸಿದ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಮುದುಕಿಯ ಹಾಗೆ ಇವನೂ ಒಬ್ಬ. ಕೆಟ್ಟವನಲ್ಲ, ಅದೇ ದುಃಖ.

ಒಂದು ಸಂಜೆ ಗಾಳಿ ಎದ್ದಿತು. ಕತ್ತಲಾಗುವಷ್ಟರಲ್ಲಿ ಆರು ದೋಣಿಗಳು ಒಳಬಂದವು. ಏಳನೆಯದು ಅಳಿವೆಯ ಬಾಯಲ್ಲಿದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ದೀಪಗಳೆರಡೂ ಒಟ್ಟಿಗೆ ಆರಿದವು. ಅವನು ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. ಹೆಬ್ಬೆರಳಿನ ಚರ್ಮ ಅದಕ್ಕೆ ಅಂಟಿತು. ಕೂಗಿ ಕರೆಯೋಣವೆಂದರೆ ದಂಡೆಯ ಮೇಲೆ ನರಪಿಳ್ಳೆಯಿಲ್ಲ. ಬಂಡೆಗೆ ಹಲಗೆ ಬಡಿದ ಸದ್ದು ಮಾತ್ರ ಕೇಳಿತು. ಆ ದೋಣಿಯಲ್ಲಿ ಅವನ ಅಣ್ಣನಿದ್ದ.

ಹೆಣ ಮೂರನೆಯ ದಿನ ಸಿಕ್ಕಿತು. ಮಣ್ಣು ಮಾಡಿ ಬಂದ ಮೇಲೆ ಮೆಕ್ಯಾನಿಕ್ ಗಾಡಿಯನ್ನು ಬಿಚ್ಚಿ ನೋಡಿದ. ಬ್ಯಾಟರಿ ತುಂಬಿತ್ತು. ಬಲ್ಬು ಸರಿಯಿತ್ತು. ಫ್ಯೂಸ್ ಕೂಡ ಹೋಗಿರಲಿಲ್ಲ. ಸ್ವಿಚ್ಚೊಂದೇ ಒಳಗೆ ಕರಗಿ ಮುದ್ದೆಯಾಗಿತ್ತು.

"ಇದು ಬೆಚ್ಚಗಾಗ್ತಿತ್ತಾ?" ಎಂದು ಕೇಳಿದ.

"ದಿನಾ ಆಗ್ತಿತ್ತು," ಎಂದ ಕಾವಲುಗಾರ. "ಒಳ್ಳೇದಕ್ಕೇ ಅಂದ್ಕಂಡಿದ್ದೆ."

ಮೆಕ್ಯಾನಿಕ್ ಆಮೇಲೆ ತನ್ನ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಕತೆ ಮುಗಿಯಿತು. "ಪಾಪ, ಆ ಕಾವಲುಗಾರ ಯಾರ ಮಾತನ್ನೂ ಕೇಳಲಿಲ್ಲ," ಎಂದ ಶಿಷ್ಯ.

ಗುರುಗಳು ಕೈ ಚಾಚಿದರು.

"ಅವನಿಗೆ ಒಂದೇ ಸಲ ಹೇಳಿ ಸುಮ್ಮನಾಗಿ ತಂತಿ ಎಳೆದವನು ನಾನೇ, ನಿನ್ನ ಬೀಗದ ಕೈ ಇಲ್ಲಿ ಕೊಡು."