ತಾಳ ಎಷ್ಟು ಸಲ ತಪ್ಪಿತು?

"ಜೊತೆಯಲ್ಲಿ ನುಡಿಸುವವನು ತಾಳ ತಪ್ಪಿದರೆ, ಸರಿಯಾಗಿ ನುಡಿಸುತ್ತಿರುವವರು ಏನು ಮಾಡಬೇಕು ಗುರುಗಳೇ?"

ಹೀಗೆ ಕೇಳಿದವಳು ನನ್ನ ಶಿಷ್ಯೆ ಚಿನ್ಮಯಿ. ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ವೀಣೆ ಕಲಿಯುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳ ಗುಂಪಿಗೆ ಗೋಷ್ಠಿವಾದನದ ಪರೀಕ್ಷೆ. ನಾಲ್ಕು ವಾದ್ಯದವರು ಒಟ್ಟಿಗೆ ಕುಳಿತು ಒಂದೇ ಕೃತಿಯನ್ನು ನುಡಿಸಬೇಕು. ಅಂಕವೂ ನಾಲ್ವರಿಗೆ ಸೇರಿ ಒಂದೇ. ಒಬ್ಬ ಮುಗ್ಗರಿಸಿದರೆ ನಾಲ್ವರ ಅಂಕವೂ ಮುಗ್ಗರಿಸುತ್ತದೆ. ಚಿನ್ಮಯಿಗೆ ಆ ವರ್ಷ ಮೊದಲ ರ್‍ಯಾಂಕ್ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬ ನಾನು.

ಅವಳ ಕೈಯಲ್ಲಿ ಒಂದು ಅರ್ಜಿ ಇತ್ತು. ಗುಂಪಿನ ಕೊಳಲುವಾದಕ ನಂಜುಂಡನನ್ನು ಕೈಬಿಟ್ಟು ಉಳಿದ ಮೂವರೇ ನುಡಿಸಲು ಅನುಮತಿ ಕೇಳಿ ಬರೆದದ್ದು. ಅದಕ್ಕೆ ನನ್ನ ಸಹಿ ಬಿದ್ದರೆ ನಂಜುಂಡನಿಗೆ ಆ ವರ್ಷ ಪರೀಕ್ಷೆಯಿಲ್ಲ. ಮುಂದಿನ ವರ್ಷದವರೆಗೆ ಕಾಯಬೇಕು.

"ಪಿಟೀಲಿನವಳೂ ಮೃದಂಗದವನೂ ಏನೆನ್ನುತ್ತಾರೆ?" ಎಂದು ಕೇಳಿದೆ.

"ಅವರಿಬ್ಬರೂ ಪಾಪದವರು ಗುರುಗಳೇ. ನಂಜುಂಡ ಎಲ್ಲಿಗೆ ಜಾರಿದರೆ ಅವರೂ ಅಲ್ಲಿಗೇ ಜಾರುತ್ತಾರೆ. ತಾಳ ಹಿಡಿದು ಕೂತವಳು ನಾನೊಬ್ಬಳೇ."

"ಹಾಗೋ. ಕೂತುಕೋ, ಒಂದು ಕತೆ ಹೇಳುತ್ತೇನೆ."

"ಕತೆ ಕೇಳಿದರೆ ಸಹಿ ಮಾಡುತ್ತೀರಾ?"

"ಕತೆ ಮುಗಿದ ಮೇಲೂ ಬೇಕೆನಿಸಿದರೆ ಕೇಳು, ಮಾಡಿಕೊಡುತ್ತೇನೆ. ನನ್ನ ಸಹಿ ಎಂದರೆ ಸಾಮಾನ್ಯವಲ್ಲ. ಅದರ ಚೆಂದ ನೋಡಿ ಒಬ್ಬ ಕುಲಪತಿಗಳು ತಮ್ಮ ಸಹಿಯನ್ನೇ ಬದಲಾಯಿಸಿಕೊಂಡರು."

ಅವಳು ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ನಾನು ಹೇಳಿದೆ.

ಈ ಕಟ್ಟಡದ ಗೋಡೆಗೆ ಇನ್ನೂ ಸುಣ್ಣ ಇದ್ದ ಕಾಲ. ಇಲ್ಲಿ ನಾಲ್ವರು ವಿದ್ಯಾರ್ಥಿಗಳಿದ್ದರು. ಒಬ್ಬ ಪಿಟೀಲುವಾದಕ, ಒಬ್ಬ ಕೊಳಲುವಾದಕ, ಒಬ್ಬಳು ವೀಣೆಯವಳು, ಒಬ್ಬ ಮೃದಂಗದವನು. ಅವರ ಹಿಂದೆ ತಂಬೂರಿ ಹಿಡಿದು ಕುಳಿತವನು ನಾನು. ಅಂದು ನಾನು ಒಮ್ಮೆಯೂ ತಾಳ ತಪ್ಪಲಿಲ್ಲ. ತಂಬೂರಿಗೆ ತಾಳವೇ ಇಲ್ಲ ಎಂಬುದು ಬೇರೆ ಮಾತು.

ಪಿಟೀಲುವಾದಕನ ತಾಳ ಎಷ್ಟು ಗಟ್ಟಿಯೆಂದರೆ, ಅವನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡು ಜವಾನ ತರಗತಿಯ ಗಂಟೆ ಹೊಡೆಯುತ್ತಿದ್ದ. ಅವನು ರಜೆ ಹಾಕಿ ಊರಿಗೆ ಹೋದ ವಾರ ಇಲ್ಲಿ ಮಧ್ಯಾಹ್ನವೇ ಆಗಲಿಲ್ಲ. ಊಟದ ಗಂಟೆಯಿಲ್ಲದೆ ನಾವೆಲ್ಲ ಸೊರಗಿಹೋದೆವು.

"ಸುಳ್ಳು," ಎಂದಳು ಚಿನ್ಮಯಿ.

"ನಾನೇ ನಾಲ್ಕು ಕಿಲೋ ಇಳಿದಿದ್ದೆ," ಎಂದೆ. "ಇನ್ನು ಕೊಳಲುವಾದಕ. ಅವನಿಗೆ ಉಸಿರು ಧಾರಾಳ, ಧೈರ್ಯ ಕಡಿಮೆ."

"ಅಲ್ಲೂ ಕೊಳಲಿನವನೇ?"

"ಇದ್ದದ್ದನ್ನು ಹೇಳುತ್ತಿದ್ದೇನಮ್ಮ. ಕಟ್ಟಿ ಹೇಳುವುದಾಗಿದ್ದರೆ ನಾಗಸ್ವರ ಎನ್ನುತ್ತಿದ್ದೆ, ಇನ್ನೂ ಜೋರಾಗಿರುತ್ತಿತ್ತು."

ಪರೀಕ್ಷೆಯ ದಿನ ಬಂತು. ಕೇಳಲು ವಿಭಾಗದವರೆಲ್ಲ ಬಂದು ಸಾಲಾಗಿ ಕೂತಿದ್ದರು. ಪರೀಕ್ಷಕರು ಎಪ್ಪತ್ತು ದಾಟಿದ ಒಬ್ಬ ವಿದುಷಿ. ಎದುರಿಗೆ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎಂಟು ಎಣಿಕೆಯ ತಾಳ. ಒಬ್ಬೊಬ್ಬರೂ ಸರದಿಯ ಮೇಲೆ ತಮಗೆ ತೋಚಿದ ಸ್ವರಗಳನ್ನು ನುಡಿಸಿ, ಸರಿಯಾದ ಎಣಿಕೆಗೆ ಪಲ್ಲವಿಗೆ ಮರಳಬೇಕು. ಅವರು ಮರಳಿದ ಕ್ಷಣಕ್ಕೆ ಉಳಿದವರು ಕೂಡಿಕೊಳ್ಳಬೇಕು.

ಮೊದಲ ಸರದಿ ಕೊಳಲಿನದು. ಸ್ವರ ಮುಗಿಸಿ ಅವನು ಅರ್ಧ ಎಣಿಕೆ ಮೊದಲೇ ಪಲ್ಲವಿಗೆ ಬಂದುಬಿಟ್ಟ.

ವೀಣೆಯವಳು ತಕ್ಷಣ ಅವನ ಜೊತೆಗೆ ಹೋದಳು. ಮೃದಂಗದವನೂ ಹೋದ. ಜಾರಿದವನನ್ನು ಸಭೆಯ ನಡುವೆ ಕೂಗಿ ಕರೆಯುವುದಿಲ್ಲ. ತಾವೂ ಒಂದು ಸುತ್ತು ಜಾರಿ, ಮುಂದಿನ ಸುತ್ತಿನಲ್ಲಿ ಕೈಹಿಡಿದು ತಾಳದೊಳಕ್ಕೆ ಕರೆತರುತ್ತಾರೆ. ಒಟ್ಟಿಗೆ ನುಡಿಸುವವರಲ್ಲಿ ಇದು ಹಳೆಯ ಪದ್ಧತಿ. ಹಾಗೆಯೇ ಮೃದಂಗದವನು ಮುಂದಿನ ಸುತ್ತನ್ನು ಅರ್ಧ ಎಣಿಕೆ ಎಳೆದ. ಮೂವರೂ ತಾಳಕ್ಕೆ ಬಂದು ಸೇರಿದರು.

ಪಿಟೀಲುವಾದಕ ಮಾತ್ರ ಕದಲಲಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಪಲ್ಲವಿಯನ್ನು, ಮೊದಲಿಗಿಂತ ಜೋರಾಗಿ ನುಡಿಸಿದ. ಆ ಒಂದು ಸುತ್ತು ಒಂದೇ ಅಂಗಿಯೊಳಗೆ ಇಬ್ಬರು ಹೊಕ್ಕಂತೆ ಕೇಳಿಸಿತು. ಕೊಳಲು ತಪ್ಪಿದೆ ಎಂದು ಹಿಂದಿನ ಸಾಲಿನವರಿಗೂ ತಿಳಿಯಿತು. ಕೊಳಲುವಾದಕನ ಕಿವಿ ಕೆಂಪಾಯಿತು.

ಮುಂದಿನ ಸರದಿ ಪಿಟೀಲಿನದು. ತೋಚಿದ್ದನ್ನು ನುಡಿಸುವುದು ಅವನಿಗೆ ಒಗ್ಗದು. ಮನೆಯಲ್ಲೇ ಗುಣಿಸಿ ಭಾಗಿಸಿ ಎರಡು ಪುಟದ ಸ್ವರ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ನುಡಿಸಿದ ನೋಡು! ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರುವುದನ್ನು ಮರೆತು ನಡೆದುಕೊಂಡು ಹೋದವು. ಆದರೆ ಎರಡನೆಯ ಪುಟದ ಲೆಕ್ಕದಲ್ಲಿ ಒಂದು ಎಣಿಕೆ ಹೆಚ್ಚಾಗಿತ್ತು. ತಲೆಯೆತ್ತಿಕೊಂಡು, ಒಂದಿಡೀ ಎಣಿಕೆ ತಡವಾಗಿ, ಅವನು ಪಲ್ಲವಿಗೆ ಬಂದ.

ಅದು ಮೊದಲು ತಿಳಿದದ್ದು ಕೊಳಲುವಾದಕನಿಗೆ. ಸುಮ್ಮನೆ ತಾಳದಲ್ಲಿ ನಿಂತಿದ್ದರೆ ಸಾಕಿತ್ತು, ಸಭೆಗೆಲ್ಲ ಗೊತ್ತಾಗುತ್ತಿತ್ತು. ಅವನು ನಿಲ್ಲಲಿಲ್ಲ. ಪಿಟೀಲಿನ ಜೊತೆಗೇ ಪಲ್ಲವಿಯನ್ನು ಎತ್ತಿಕೊಂಡ. ವೀಣೆಯೂ ಮೃದಂಗವೂ ಅದೇ ಉಸಿರಿನಲ್ಲಿ ಬಂದವು. ನಾಲ್ವರೂ ಎಷ್ಟು ಒಂದಾಗಿ ತಪ್ಪಿದರೆಂದರೆ, ಪಲ್ಲವಿಯ ಜಾಗವೇ ಅದು ಎನ್ನುವ ಹಾಗಿತ್ತು. ಮುಂದಿನ ಸುತ್ತಿನಲ್ಲಿ ಮೃದಂಗದವನು ಸದ್ದಿಲ್ಲದೆ ಒಂದು ಎಣಿಕೆ ನುಂಗಿದ. ತನ್ನ ಸ್ವರದ ಸಂತೋಷದಲ್ಲಿದ್ದ ಪಿಟೀಲುವಾದಕ ತನಗೇ ತಿಳಿಯದಂತೆ ಅವರೊಂದಿಗೆ ತಾಳದೊಳಕ್ಕೆ ಬಂದ. ಸಭೆ ಚಪ್ಪಾಳೆ ತಟ್ಟಿತು.

ವಿದುಷಿಯ ಕೈ ಎರಡು ಸಲ ಗಾಳಿಯಲ್ಲೇ ನಿಂತದ್ದನ್ನು ನಾನು ಹಿಂದಿನಿಂದ ನೋಡಿದೆ.

ಕೃತಿ ಮುಗಿಯಿತು. ವಿದುಷಿ ಕೇಳಿದರು, "ತಾಳ ಎಷ್ಟು ಸಲ ತಪ್ಪಿತಪ್ಪಾ?"

ಪಿಟೀಲುವಾದಕ ಮುಂದೆ ಬಂದ. "ಒಂದೇ ಸಲ ಅಮ್ಮಾ. ಕೊಳಲು ತಪ್ಪಿತು. ಇವರಿಬ್ಬರೂ ಅವನ ಹಿಂದೆ ಓಡಿದರು. ನಾನು ಕದಲಲಿಲ್ಲ."

ವಿದುಷಿ ಕೊಳಲುವಾದಕನ ಕಡೆ ತಿರುಗಿದರು. "ನೀನೇನು ಹೇಳುತ್ತೀ?"

ಅವನು ತಲೆ ತಗ್ಗಿಸಿದ. "ಒಂದೇ ಸಲ ಅಮ್ಮಾ. ನಾನೇ ತಪ್ಪಿದ್ದು."

ವೀಣೆಯವಳೂ ಒಂದೇ ಎಂದಳು. ಮೃದಂಗದವನೂ ಒಂದೇ ಎಂದ. ವಿದುಷಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಸರಿ, ನಾನೂ ಒಂದೇ ಎಣಿಸಿದೆ," ಎಂದು ನಾಲ್ವರಿಗೂ ಒಳ್ಳೆಯ ಅಂಕ ಕೊಟ್ಟು ಎದ್ದರು. ತಂಬೂರಿಗೆ ಅಂಕವಿರಲಿಲ್ಲ. ಇದ್ದಿದ್ದರೆ ನೂರಕ್ಕೆ ನೂರಹತ್ತು ಕೊಡಬೇಕಾಗಿ ಬರುತ್ತಿತ್ತು ಅಂತ ಕಾಣುತ್ತದೆ.

ಚಿನ್ಮಯಿ ಕೇಳಿದಳು, "ಪಿಟೀಲಿನವನಿಗೆ ಆಮೇಲಾದರೂ ಗೊತ್ತಾಯಿತೇ?"

"ಎಲ್ಲಿಂದ ಗೊತ್ತಾಗಬೇಕು? ಇಂದಿಗೂ ಯಾರದಾದರೂ ಮದುವೆಯಲ್ಲಿ ಸಿಕ್ಕರೆ, ಅಂದು ಮೂವರನ್ನೂ ಹೆಗಲ ಮೇಲೆ ಹೊತ್ತು ದಾಟಿಸಿದೆ ಎನ್ನುತ್ತಾನೆ. ಪಕ್ಕದಲ್ಲಿ ಕೂತ ಕೊಳಲಿನವನು ಹೌದು ಹೌದು ಎಂದು ಬಡಿಸುವವರನ್ನು ಕರೆದು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾನೆ."

ಚಿನ್ಮಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಂಥ ಪೆದ್ದ ಗುರುಗಳೇ!" ಎಂದಳು. ನಗು ನಿಂತ ಮೇಲೆ ಅರ್ಜಿಯನ್ನು ಬಿಡಿಸಿ ನನ್ನ ಮುಂದಿಟ್ಟಳು.

"ಆದರೆ ನಮ್ಮ ವಿಷಯ ಬೇರೆ. ಈ ತಿಂಗಳ ಅಭ್ಯಾಸದಲ್ಲಿ ನಮ್ಮ ಗುಂಪಿನ ತಾಳ ತಪ್ಪಿದ್ದು ಐದು ಸಲ. ಐದೂ ಸಲ ನಂಜುಂಡನೇ. ತಾರೀಖಿನ ಸಮೇತ ಬರೆದಿಟ್ಟಿದ್ದೇನೆ."

ನಾನು ಪೆನ್ನಿನ ಮುಚ್ಚಳ ತೆಗೆದೆ.

"ನಿನಗೆ ಗೊತ್ತಾದದ್ದು ಐದು," ಎಂದೆ.