ಬರಿದಾಗದ ಹಿಟ್ಟಿನ ಡಬ್ಬಿ

“ಅಯ್ಯನವರೇ, ಕೈಬಿಚ್ಚಿ ಕೊಡುವವನ ಮನೆಯಲ್ಲಿ ಎಂದೂ ಕೊರತೆ ಬೀಳುವುದಿಲ್ಲ ಎಂದು ನಾನು ಸಭೆಗೆ ಧೈರ್ಯವಾಗಿ ಬೋಧಿಸಬಹುದೇ?”

ಕೇಳಿದವನು ದೇವಪುತ್ರ. ಓದು ಮುಗಿಸಿ, ಮುಂದಿನ ವಾರ ಮೊದಲ ಸಲ ಒಂದು ಕ್ರೈಸ್ತ ಸಭೆಯ ಪಾಲಕನಾಗಿ ಹೊರಡಲಿದ್ದ. ಹಿರಿಯ ಅಯ್ಯನವರು ಅವನಿಗೆ ಮೂರು ವರ್ಷ ಕಲಿಸಿದವರು. ಅವರು ಅವನಿಗೆ ಕುಳಿತುಕೊಳ್ಳಲು ಹೇಳಿ ಒಂದು ಕತೆ ಶುರುಮಾಡಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಸಭಾಪಾಲಕನಿದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಪ್ರಸಂಗದ ನಡುವೆ ತೂಕಡಿಸುವವರನ್ನು ಎಬ್ಬಿಸಲು ಅವನು ದನಿ ಏರಿಸುತ್ತಿರಲಿಲ್ಲ, ಒಂದು ನಗೆಮಾತು ಎಸೆಯುತ್ತಿದ್ದ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನೇ ಅಲ್ಲ. ಒಬ್ಬಳೇ ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು. ಮನೆಯಲ್ಲಿ ಉಳಿದವರು ಅವನು ಮತ್ತು ಅವನ ಹೆಂಡತಿ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೆಂಗಸರು ರೊಟ್ಟಿ ಬಡಿಯುವ ಮೊದಲು ಒಂದು ಹಿಡಿ ಜೋಳದ ಹಿಟ್ಟನ್ನು ದೇವರ ಪಾಲೆಂದು ತೆಗೆದಿಡುತ್ತಿದ್ದರು. ಭಾನುವಾರ ಅದನ್ನು ಗಂಟು ಕಟ್ಟಿ ತಂದು ಆರಾಧನೆಯಲ್ಲಿ ಅರ್ಪಿಸುತ್ತಿದ್ದರು. ಅದರಲ್ಲಿ ಅರ್ಧ ಬಡವರಿಗೆ, ಅರ್ಧ ಪಾಲಕನ ಮನೆಗೆ. ಪಾಲಕನ ಒಲೆ ಉರಿಯುತ್ತಿದ್ದುದು ಅದರಿಂದಲೇ. ಆ ಅರ್ಧದಲ್ಲೂ ಅವನ ಹೆಂಡತಿ ದಿನಕ್ಕೊಂದು ಹಿಡಿ ತೆಗೆದಿಡುತ್ತಿದ್ದಳು. ಪಾಲಕನ ಮನೆಗೆ ವಿನಾಯಿತಿ ಉಂಟೇ?

ಒಂದು ವರ್ಷ ಊರಿನ ನೂಲಿನ ಗಿರಣಿ ಮುಚ್ಚಿತು. ಸಭೆಯ ಅರ್ಧ ಮನೆಗಳಲ್ಲಿ ಕೆಲಸ ಹೋಯಿತು. ಭಾನುವಾರದ ಗಂಟುಗಳು ಸಣ್ಣವಾದವು, ಪಾಲಕನ ಬಾಗಿಲಿಗೆ ಬರುವವರು ಹೆಚ್ಚಾದರು. ಅವನು ಯಾರಿಗೂ ಇಲ್ಲ ಎನ್ನಲಿಲ್ಲ. ಹೊರಗೆ ಕುಳಿತೇ ಒಳಗೆ ಕೂಗಿ ಹೇಳುತ್ತಿದ್ದ, ಹೆಂಡತಿ ಸೇರಿನಲ್ಲಿ ಅಳೆದು ತಂದುಕೊಡುತ್ತಿದ್ದಳು. ಆದರೂ ಅವನ ತಟ್ಟೆಗೆ ಎಂದಿನಂತೆ ಮೂರು ರೊಟ್ಟಿ ಬೀಳುತ್ತಿದ್ದವು. ಅವನು ಉಂಡೆದ್ದ ಮೇಲೆ ಅವಳು ಒಳಗೆ ಕುಳಿತು ಉಣ್ಣುತ್ತಿದ್ದಳು. ಮದುವೆಯಾದಾಗಿನಿಂದ ನಡೆದು ಬಂದದ್ದೇ ಹಾಗೆ.

ಮೂರು ತಿಂಗಳಾದ ಮೇಲೆ ಅವನಿಗೇ ದಿಗಿಲಾಗಿ ಒಂದು ದಿನ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ತಳದಲ್ಲಿ ನಾಲ್ಕು ಬೆರಳಷ್ಟು ಹಿಟ್ಟಿತ್ತು. ಆ ವಾರವೆಲ್ಲ ಬಂದವರಿಗೆ ಕೊಟ್ಟು ಮತ್ತೆ ನೋಡಿದ. ಆಗಲೂ ಅಷ್ಟೇ ಇತ್ತು. ಅವನ ಕಣ್ಣು ತುಂಬಿ ಬಂತು. ಹೆಂಡತಿ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅವಳನ್ನು ಒಂದು ಮಾತು ಕೇಳಲಿಲ್ಲ. ಸೀದಾ ಹೋಗಿ ಮೊಣಕಾಲೂರಿದ.

ಆ ಭಾನುವಾರ ಸಭೆಯ ಮುಂದೆ ಸಾಕ್ಷಿ ಹೇಳಿದ. ತಾನು ಕೊಡುತ್ತಲೇ ಇದ್ದೇನೆ, ದೇವರು ತನ್ನ ಡಬ್ಬಿಯನ್ನು ಬರಿದಾಗಲು ಬಿಟ್ಟಿಲ್ಲ ಎಂದ. ಜನ ಅತ್ತರು. ಕೂಲಿಯಿಲ್ಲದ ಮನೆಗಳಲ್ಲೂ ಮಾರನೆಯ ದಿನದಿಂದ ಮತ್ತೆ ಹಿಡಿ ಹಿಟ್ಟು ತೆಗೆದಿಡತೊಡಗಿದರು. ಪಾಲಕ ಸುಳ್ಳು ಹೇಳಿರಲಿಲ್ಲ. ಡಬ್ಬಿಯಲ್ಲಿ ಹಿಟ್ಟು ನಿಜಕ್ಕೂ ಇತ್ತು.

ಹೆಂಡತಿ ದಿನೇ ದಿನೇ ಸೊರಗುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಅವನು ಅದನ್ನು ನೋಡಲಿಲ್ಲವೆಂದಲ್ಲ. ನೋಡಿದ, ನೋಡಿ ಪ್ರಸಂಗದ ನಡುವೆ ತಮಾಷೆ ಮಾಡಿದ: “ನಮ್ಮ ಮನಿಯಾಕೀನ್ನ ನೋಡ್ರಿ. ಇಪ್ಪತ್ತೆರಡು ವರ್ಷ ನನ್ನ ಪ್ರಸಂಗ ಕೇಳಿ ಕೇಳಿ ಹೆಂಗ ಒಣಗ್ಯಾಳ! ನೀವು ವಾರಕ್ಕೊಮ್ಮೆ ಕೇಳಾಕ ಬ್ಯಾಸರಾ ಮಾಡ್ಕೋತೀರಿ.” ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಹಳ ದಿನಗಳ ಮೇಲೆ ಹೆಂಡತಿಯನ್ನು ನಗಿಸಿದೆನಲ್ಲ ಎಂದು ಅವನಿಗೆ ಸಂತೋಷವಾಯಿತು.

ಗಿರಣಿ ಮುಚ್ಚಿದ ಎಂಟನೆಯ ತಿಂಗಳು ಅವಳು ರೊಟ್ಟಿ ಬಡಿಯುತ್ತಿದ್ದಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ದರು. ಡಾಕ್ಟರು ಅವಳ ಕೈ, ಕಣ್ಣು, ನಾಲಗೆ ನೋಡಿ ಪಾಲಕನನ್ನು ಕೇಳಿದರು: “ಮನ್ಯಾಗ ಹಿಟ್ಟು ಇರಲಿಲ್ಲೇನ್ರಿ?”

“ಇತ್ರಿ” ಎಂದ ಪಾಲಕ. “ಒಂದು ದಿನಾನೂ ಬರಿದಾಗಲಿಲ್ಲ.”

ಆ ಮಾತು ತನ್ನ ಬಾಯಿಂದ ಬಿದ್ದು ತನ್ನ ಕಿವಿಗೆ ಕೇಳಿದಾಗ ಅವನಿಗೆ ಎಲ್ಲವೂ ತಿಳಿಯಿತು. ಮಂಚದವರೆಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತ.

“ನನಗೊಂದು ಮಾತು ಹೇಳಬಾರದಾಗಿತ್ತೇನ?”

“ಹೇಳಬೇಕಂತಲೇ ಇದ್ದೆ” ಎಂದಳು ಅವಳು. “ಒಂದೆರಡು ವಾರ ನನ್ನ ರೊಟ್ಟಿ ಹಿಟ್ಟು ಡಬ್ಬಿಗೆ ಹಾಕಿ ತೂಗಿಸಿದ್ರಾತು, ಆಮ್ಯಾಲೆ ಹೇಳೋಣಂತ. ಅಷ್ಟರಾಗ ನೀವು ಮಂದಿ ಮುಂದ ಸಾಕ್ಷಿ ಹೇಳಿಬಿಟ್ರಿ. ಬರೇ ನಿಮ್ಮ ಮಾತಾಗಿದ್ರ ಹೋಗಲಿ ಅಂತಿದ್ದೆ. ದೇವರ ಹೆಸರು ಹಚ್ಚಿದ್ರಿ. ಡಬ್ಬಿ ಬರಿದಾದ್ರ ಆ ಮಂದಿ ಯಾರನ್ನ ನಂಬಬೇಕಿತ್ರಿ?”

ಅವನು ತನ್ನ ಕೈಯಾರೆ ಗಂಜಿ ಕುಡಿಸಲು ನೋಡಿದ. ಅವಳ ಹೊಟ್ಟೆ ಯಾವುದನ್ನೂ ಇಟ್ಟುಕೊಳ್ಳಲಿಲ್ಲ. ಐದನೆಯ ದಿನ ಅವಳು ತೀರಿಕೊಂಡಳು.

ಮಣ್ಣು ಮಾಡಿದ ನಂತರದ ಭಾನುವಾರ ಅವನು ನಿಜ ಹೇಳಲೆಂದೇ ಪ್ರಸಂಗಪೀಠ ಹತ್ತಿದ. ಎದುರಿಗೆ ಗಿರಣಿ ಕೂಲಿಗಳ ಹೆಂಡಿರು ಮಡಿಲಲ್ಲಿ ಹಿಟ್ಟಿನ ಗಂಟು ಇಟ್ಟುಕೊಂಡು ಕುಳಿತಿದ್ದರು. ಅವರ ಕೈಗಳೂ ಬಡಕಲಾಗಿದ್ದವು. ಹೇಳಿದರೆ ಅವರ ನಂಬಿಕೆ ಮುರಿಯುತ್ತದೆ, ಅದಕ್ಕಾಗಿ ಸತ್ತವಳ ಸಾವು ವ್ಯರ್ಥವಾಗುತ್ತದೆ. ಹೇಳದಿದ್ದರೆ ಇವರೂ ಅವಳ ದಾರಿಯನ್ನೇ ಹಿಡಿಯುತ್ತಾರೆ. ಅವನು ನಿಂತೇ ಇದ್ದ. ದುಃಖ ಹೆಚ್ಚಾಗಿದೆ ಎಂದುಕೊಂಡು ಜನ ಮರುಗಿದರು. ಕೊನೆಗೆ ಆಶೀರ್ವಾದದ ಮಾತುಗಳನ್ನು ಮಾತ್ರ ಹೇಳಿ ಕೆಳಗಿಳಿದ. ಮುಂದೆ ಎಷ್ಟೋ ವರ್ಷ ಅವನು ಅದೇ ಸಭೆಯಲ್ಲಿದ್ದ. ಪ್ರಾರ್ಥನೆ ತಪ್ಪಿಸಲಿಲ್ಲ. ಆದರೆ ಅತ್ತ ಕಡೆ ಯಾರಾದರೂ ಕೇಳುತ್ತಿದ್ದಾರೆ ಎಂದು ಅವನಿಗೆ ಮತ್ತೆ ಅನ್ನಿಸಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ದೇವಪುತ್ರನಿಗೆ ಸಿಟ್ಟು ಉಕ್ಕಿ ಬಂದಿತ್ತು.

“ತಿಂಗಳುಗಟ್ಟಲೆ, ಅಯ್ಯನವರೇ! ಒಂದೇ ಸೂರಿನ ಕೆಳಗಿದ್ದು ಅವಳು ಉಂಡಳೋ ಇಲ್ಲವೋ ಎಂಬುದು ತಿಳಿಯದೆ ಹೋಯಿತೇ? ಅವನೆಂಥ ಮನುಷ್ಯ?”

ಅಯ್ಯನವರು ಅವನ ಮುಖವನ್ನೇ ನೋಡುತ್ತಾ ಕೇಳಿದರು:

“ನಿನ್ನ ತಾಯಿ ಕುಳಿತು ಉಣ್ಣುವುದನ್ನು ನೀನು ಕೊನೆಯ ಸಲ ನೋಡಿದ್ದು ಯಾವಾಗ, ದೇವಪುತ್ರ?”